ಹತ್ತನೇ ಸುತ್ತಿನ ಸಾರು

"ಅದೆಲ್ಲಾ ಸರಿ ಮೇಡಂ, ನಿಮ್ಮ ಸಬ್ಜೆಕ್ಟಿನಲ್ಲಿ ಸ್ವಂತದ್ದು ಅಂತ ಏನಿದೆ?"

ಈ ಪ್ರಶ್ನೆ ಬಂದಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹೊರಗೆ ಮರದ ನೆರಳಲ್ಲಿ ಒಂದು ನಾಯಿ ಮುಂಗಾಲು ಚಾಚಿ, ಸೊಂಟ ಮೇಲೆತ್ತಿ ಮೈ ಮುರಿಯುತ್ತಿತ್ತು. ಎಂಥಾ ಚೆಂದದ ಸ್ಟ್ರೆಚ್! ಇದಕ್ಕೆ ಯಾವ ಪೀಟಿ ಮೇಡಂ ಹೇಳಿಕೊಟ್ಟರಪ್ಪಾ ಅಂತ ಯೋಚಿಸುತ್ತಾ ಕೂತಿದ್ದೆ. ಎದುರಿಗೆ ವಿಶ್ವವಿದ್ಯಾಲಯದ ಐದು ಜನ ತಜ್ಞರು. ಮೇಜಿನ ಮೇಲೆ ನನ್ನ ಪಿಎಚ್‌ಡಿಯ ಸಿನಾಪ್ಸಿಸ್ಸು. ನಾನೋ, ನಾಯಿಯ ಬೆನ್ನುಮೂಳೆಯಲ್ಲಿ.

"ಸಾರ್?" ಅಂದೆ. ಐದೂ ಜನ ನಕ್ಕರು.

ಈ ಅಂಕಣ ಓದುತ್ತಾ ಬಂದವರಿಗೆ ನನ್ನ ಹಗಲುಗನಸಿನ ಕಾಯಿಲೆ ಹೊಸದಲ್ಲ. ಮನೆ ಬಂಗಾರಪೇಟೆ, ಕೆಲಸ ಕೆಜಿಎಫ್‌ನ ಒಂದು ಕಾಲೇಜಿನಲ್ಲಿ, ದೈಹಿಕ ಶಿಕ್ಷಣದ ಉಪನ್ಯಾಸಕಿ. (ಕೋರಮಂಡಲ್‌ನಲ್ಲಿ ಇಳಿಯಬೇಕಾದವಳು ಕೊನೇ ಸ್ಟೇಷನ್ ಮಾರಿಕುಪ್ಪಂವರೆಗೂ ಹೋಗಿ, ಅದೇ ರೈಲಿನಲ್ಲಿ ವಾಪಸ್ ಬಂದದ್ದು ಎಷ್ಟು ಸಲ ಅಂತ ಮಾತ್ರ ಕೇಳಬೇಡಿ.) ಆದರೆ ನಲವತ್ನಾಲ್ಕನೇ ವಯಸ್ಸಿನಲ್ಲಿ ಪಿಎಚ್‌ಡಿ ಮಾಡಲು ಹೊರಟಿದ್ದೇನೆ ಅನ್ನುವುದನ್ನು ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಎಡವಟ್ಟಾದರೆ ಮಾನ ಹೋಗುತ್ತದಲ್ಲ, ಅದಕ್ಕೆ. ಆಯಿತಲ್ಲ ಎಡವಟ್ಟು!

ವಿಷಯ ಇಷ್ಟೇ. ಕ್ರೀಡಾ ವಿಜ್ಞಾನ ಅನ್ನುವುದು ಒಂದು ಓದುವ ಶಾಸ್ತ್ರವಾಗಿ ಹೇಗೆ ಬೆಳೆಯಿತು? ಅದರ ಹಿಂದಿರುವ ಥಿಯರಿ ಏನು? ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಸಿಟ್ಟಿಗೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಸಿಲಬಸ್ ಮುಗಿಯದಿದ್ದರೆ ಮ್ಯಾಥ್ಸಿನವರು ಬಂದು "ನಿಮ್ಮ ಪೀರಿಯಡ್ ಕೊಡಿ ಮೇಡಂ" ಅನ್ನುತ್ತಾರೆ. ಮಂತ್ರಿ ಬಂದರೆ ಸಾಲು ನೇರ ಮಾಡುವವಳು ನಾನು. ಮೈಕು ಕೀರಲು ದನಿ ತೆಗೆದರೂ ಎಲ್ಲರೂ ನನ್ನ ಕಡೆಗೇ ತಿರುಗುತ್ತಾರೆ. ಕೊರಳಲ್ಲಿ ಸೀಟಿ ನೇತಾಡುತ್ತಿದ್ದರೆ ತಲೆಯೊಳಗೆ ಏನೂ ಇಲ್ಲ ಅಂತ ಯಾರು ಹೇಳಿದರು ಸ್ವಾಮಿ?

ನಾನು ಓದಿಕೊಂಡು ಹೋಗಿದ್ದೆ. ಮೊದಲು ಸಿಪಾಯಿಗಳ ಕವಾಯತು. ಅದು ಶಾಲೆಗೆ ಬಂದು ಡ್ರಿಲ್ ಆಯಿತು, ಡ್ರಿಲ್ ಬೆಳೆದು ದೈಹಿಕ ಶಿಕ್ಷಣ ಆಯಿತು. ಆಮೇಲೆ ಶರೀರಶಾಸ್ತ್ರದವರು ಬಂದು ಓಡುವವನ ಉಸಿರನ್ನು ಚೀಲದಲ್ಲಿ ಹಿಡಿದು ಅಳೆದರು. ಭೌತಶಾಸ್ತ್ರದವರು ಮೊಣಕೈಯನ್ನು ಸನ್ನೆಗೋಲು ಅಂದರು. ಮನಶ್ಶಾಸ್ತ್ರದವರು ಸೋಲುವ ಭಯದ ಬಗ್ಗೆ ಬರೆದರು. ಕಳೆದ ಶತಮಾನದ ನಡುವಿನಲ್ಲಿ ಒಂದಿಷ್ಟು ಜನ ಎದ್ದು ನಿಂತು, "ಇದು ಬರೀ ಮೇಷ್ಟ್ರುಗಳ ತರಬೇತಿಯಲ್ಲ, ಇದೇ ಒಂದು ಶಾಸ್ತ್ರ" ಅಂದರು. ಅವತ್ತಿನಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಇದು ಒಂದು ಶಾಸ್ತ್ರವೋ, ಹತ್ತು ಶಾಸ್ತ್ರಗಳ ಸಂತೆಯೋ?

"ಎಲ್ಲಾ ಬೇರೆಯವರಿಂದ ತಂದದ್ದೇ ಆಯ್ತಲ್ಲ ಮೇಡಂ" ಅಂದರು ಅಧ್ಯಕ್ಷರು. ಬಿಳಿ ಕೂದಲಿನ, ಮೆಲುದನಿಯ ಶರೀರಶಾಸ್ತ್ರದ ಪ್ರೊಫೆಸರು.

ನಾನು ತಯಾರಾಗಿಯೇ ಇದ್ದೆ. "ಸಾರ್, ಹೆಪ್ಪು ಪಕ್ಕದ ಮನೆಯಿಂದಲೇ ತರೋದು. ಹಾಗಂತ ಮೊಸರು ಪಕ್ಕದ ಮನೆಯದ್ದಾಗುತ್ತಾ?"

ಆಹಾ, ಎಂಥಾ ಉತ್ತರ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ಹಾಲು ಯಾರದು?"

ಸಿನಾಪ್ಸಿಸ್ಸಿನ ಹಾಳೆ ಹಿಂದೆ ಮುಂದೆ ತಿರುವಿದೆ. ಮೂರು ತಿಂಗಳ ಟೈಮ್ ಕೊಟ್ಟರು. ಅದೇ ಕೊನೆಯ ಅವಕಾಶ. ಸ್ವಂತದ್ದು ಏನು ಅಂತ ಹೇಳಿದರೆ ವಿಷಯ ಪಾಸು, ಇಲ್ಲದಿದ್ದರೆ ಕೊರಳಿಗೆ ಮತ್ತೆ ಬರೀ ಸೀಟಿ.

ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ಬಿಟ್ಟು ಸ್ವಲ್ಪ ಹೊತ್ತಿಗೆ, ಮಂಜಿನೊಳಗಿನಿಂದ ಸೈನೈಡ್ ಗುಡ್ಡಗಳು ಏಳುತ್ತವೆ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ರಾಶಿ ಅಂತ ಗೊತ್ತಿದ್ದರೂ ಆ ಹೊತ್ತಿನಲ್ಲಿ ನನಗೆ ಅವು ಮೋಡ ಇಳಿದು ಮಲಗಿದ ಹಾಗೆ ಕಾಣುತ್ತವೆ. ಈ ಊರಿನ ಕೆಳಗೆ ಇನ್ನೊಂದು ಊರಿದೆ ಅನ್ನುವುದೇ ನನಗೆ ಸದಾ ಗುಂಗು. ಬೀದಿಗಳು, ತಿರುವುಗಳು, ಈಗ ನೀರು ತುಂಬಿ ಸುಮ್ಮನಿರುವ ಕತ್ತಲು. ನಮ್ಮ ಹುಡುಗಿಯರು ಮೇಲೆ ಓಡುವಾಗ ಆ ಹೆಜ್ಜೆ ಸಪ್ಪಳ ಎಷ್ಟು ಆಳಕ್ಕೆ ಕೇಳಿಸೀತು? ಹೀಗೆಲ್ಲಾ ಯೋಚಿಸುತ್ತಿದ್ದರೆ ಸ್ಟೇಷನ್ ದಾಟಿಹೋಗದೆ ಇನ್ನೇನಾಗುತ್ತದೆ?

ನಾವು ಪ್ರಾಕ್ಟೀಸ್ ಮಾಡುವುದು ಗಣಿಯ ಕಾಲದ ಒಂದು ಹಳೇ ಮೈದಾನದಲ್ಲಿ. ಅಲ್ಲಿನ ಮೋಟುಗೋಡೆಯ ಮೇಲೆ ದಿನಾ ಬಂದು ಕೂರುವವರು ಸಾಮಿ ಅಣ್ಣ. ಪೂರ್ತಿ ಹೆಸರು ಆರೋಗ್ಯಸಾಮಿ. ಚಾಂಪಿಯನ್ ರೀಫ್ಸ್‌ನವರು, ಅಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯ ಕೆಳಗೆ ದುಡಿದವರು. ಈಗ ಎಪ್ಪತ್ತು ದಾಟಿದೆ. ಯಾರೂ ಕರೆದಿಲ್ಲ, ಯಾರೂ ಸಂಬಳ ಕೊಡುವುದಿಲ್ಲ. ಆದರೂ ನಮ್ಮ ಹುಡುಗಿಯರಿಗೆಲ್ಲಾ ತಾತ.

ಅವರದ್ದೊಂದು ವಿಚಿತ್ರ ಚಾಳಿ. ಓಡುವವರು ತಮ್ಮ ಮುಂದೆ ಹಾದುಹೋಗುವಾಗಲೆಲ್ಲಾ ಕೂಗಿ ಕೇಳುತ್ತಾರೆ.

"ಏನ್ ಸಾರಮ್ಮಾ ಇವತ್ತು?"

ಓಡುತ್ತಲೇ ಹುಡುಗಿ ಉತ್ತರ ಕೊಡಬೇಕು. ಅದೂ ಒಂದು ಮಾತಲ್ಲ. ಯಾವ ಸಾರು, ಯಾವ ಕಾಳು, ಜೊತೆಗೇನು, ಎಲ್ಲಾ ಹೇಳಬೇಕು. ಒಂದು ಸುತ್ತಿಗೆ ಒಂದು ಸಲ. ಹನ್ನೆರಡು ಸುತ್ತಿದ್ದರೆ ಹನ್ನೆರಡು ಸಲ ಅದೇ ಪ್ರಶ್ನೆ.

ನನಗೋ ಮೈಯೆಲ್ಲಾ ಉರಿ. ಓಡುವವರ ಗಮನ ಹಾಳು, ಉಸಿರಿನ ಲಯ ಹಾಳು. ಆಮೇಲೆ ಅನ್ನಿಸಿತು, ಪಾಪ, ಮುದುಕರಿಗೆ ಮನೆಯಲ್ಲಿ ಸರಿಯಾಗಿ ಊಟ ಹಾಕುತ್ತಿಲ್ಲವೋ ಏನೋ. ಒಂದು ದಿನ ಮಸ್ಸೊಪ್ಪು, ಮುದ್ದೆ, ಎರಡು ಹಪ್ಪಳ ಡಬ್ಬಿಗೆ ಹಾಕಿಕೊಂಡು ಹೋಗಿ ಕೊಟ್ಟೆ. ಖುಷಿಯಾಗಿ ಉಂಡರು. ಬೆರಳು ನೆಕ್ಕಿದರು. "ನಲ್ಲಾ ಇದೆ ಟೀಚರಮ್ಮಾ, ಬೆಳ್ಳುಳ್ಳಿ ಇನ್ನೊಸಿ ಬೇಕಾಗಿತ್ತು" ಅಂತ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ವಿಮರ್ಶೆಯನ್ನೂ ಮಾಡಿದರು. ಡಬ್ಬಿ ತೊಳೆದು ನನ್ನ ಕೈಗಿಟ್ಟು, ಅಲ್ಲೇ ಹಾದುಹೋದ ಹುಡುಗಿಗೆ ಕೂಗಿದರು. "ಏನ್ ಸಾರಮ್ಮಾ ಇವತ್ತು?"

ಹೊಟ್ಟೆ ತುಂಬಿದ ಮೇಲೂ ಕೇಳುತ್ತಾರಲ್ಲ, ಇದಕ್ಕೆ ಮದ್ದಿಲ್ಲ ಅಂತ ಕೈಬಿಟ್ಟೆ.

ನಮ್ಮಲ್ಲಿ ಚೆನ್ನಾಗಿ ಓಡುವವಳು ಮಂಜುಳ. ಬೂದಿಕೋಟೆ ಕಡೆಯ ಹಳ್ಳಿಯವಳು, ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುತ್ತಾರೆ. ಐದು ಸಾವಿರ ಮೀಟರ್ ಓಟದಲ್ಲಿ ಆ ಹುಡುಗಿಯ ಪಾದ ನೆಲ ಮುಟ್ಟುತ್ತದೋ ಇಲ್ಲವೋ ಅಂತ ನನಗೆ ಎಷ್ಟೋ ಸಲ ಅನುಮಾನ ಬಂದಿದೆ. ಅವಳ ಓಟ ನೋಡುತ್ತಾ ನಿಂತರೆ ಸ್ಟಾಪ್‌ವಾಚ್ ಒತ್ತುವುದೇ ಮರೆತುಹೋಗುತ್ತದೆ.

ಥಿಯರಿಯಲ್ಲಿ ಸೋತೆನಲ್ಲ, ಅಂಕಿಯಲ್ಲಾದರೂ ಬಾಯಿ ಮುಚ್ಚಿಸೋಣ ಅಂತ ನಾನು ಹೊಸದೊಂದು ವಾಚು ತಂದಿದ್ದೆ. ಕೈಗೆ ಕಟ್ಟಿದರೆ ನಾಡಿಬಡಿತ ನನ್ನ ಮೊಬೈಲಿಗೆ ಬರುತ್ತದೆ. ಮಂಜುಳನ ಓಟದ ಗ್ರಾಫ್ ಒಂದನ್ನು ಆ ಐದು ಜನರ ಮುಂದಿಟ್ಟು, ನೋಡಿ ಸ್ವಾಮಿ ನಮ್ಮ ವಿಜ್ಞಾನ ಅನ್ನಬೇಕು ಅಂತ ಆಸೆ. ಓಡುವವಳು ಅವಳು, ಗೆಲ್ಲಬೇಕಾಗಿದ್ದವಳು ನಾನು.

ಏಪ್ರಿಲ್ ತಿಂಗಳು. ಅವತ್ತು ರೈಲು ಲೇಟು. ಓಟ ಶುರುವಾದಾಗ ಒಂಬತ್ತೂವರೆ ದಾಟಿತ್ತು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು.

"ಒತ್ತಾಯ್ತು ಟೀಚರಮ್ಮಾ, ನಾಳೆ ಓಡ್ಸಿ" ಅಂದರು ಸಾಮಿ ಅಣ್ಣ.

"ಇವತ್ತೇ ಆಗ್ಬೇಕು" ಅಂದೆ. ನಾಳೆ ರಜಾ, ನಾಡಿದ್ದು ಪರೀಕ್ಷೆ, ಕಮಿಟಿಗೆ ಇನ್ನು ಹದಿನೈದೇ ದಿನ.

ಮೊದಲ ಸುತ್ತು. "ಏನ್ ಸಾರಮ್ಮಾ?"

"ಉರ್ಳಿಕಾಳು ಬಸ್ಸಾರು ತಾತ! ನುಗ್ಗೇಸೊಪ್ಪು ಪಲ್ಯ! ಅಮ್ಮ ಮುದ್ದೆ ಕಟ್ಟೌಳೆ!" ನಗುತ್ತಾ ಹೋದಳು.

ನಾಲ್ಕನೇ ಸುತ್ತಿನಲ್ಲೂ ಅದೇ ನಗು. ಏಳನೆಯದರಲ್ಲಿ ಪಲ್ಯ ಬಿಟ್ಟುಹೋಯಿತು. ಒಂಬತ್ತರಲ್ಲಿ "ಬಸ್ಸಾರು" ಅಂತಷ್ಟೇ. ನಾನು ಮೊಬೈಲ್ ನೋಡುತ್ತಿದ್ದೆ. ಗೆರೆ ಚೆಂದಕ್ಕೆ ಏರುತ್ತಾ, ಏರಬೇಕಾದಷ್ಟೇ ಏರಿ ನಿಂತಿತ್ತು. ಆ ಗೆರೆ ನೋಡುತ್ತಾ ನೋಡುತ್ತಾ ನಾನು ಆಗಲೇ ಕಮಿಟಿ ರೂಮಿನಲ್ಲಿದ್ದೆ. ಅಧ್ಯಕ್ಷರು ಕನ್ನಡಕ ತೆಗೆದು "ಭೇಷ್ ಮೇಡಂ" ಅನ್ನುತ್ತಿದ್ದರು.

ಹತ್ತನೇ ಸುತ್ತು. "ಏನ್ ಸಾರಮ್ಮಾ?"

"ನಿಂಗ್ಯಾಕ್ಲಾ!"

ಮಂಜುಳ! ಯಾರಿಗೂ ಎದುರಾಡದ ಹುಡುಗಿ, ತಾತನಿಗೆ ದಿನಾ ಕೈಮುಗಿಯುವ ಹುಡುಗಿ. ನನಗೆ ಪಿತ್ತ ನೆತ್ತಿಗೇರಿತು. "ಏಯ್ ಮಂಜುಳಾ, ದೊಡ್ಡೋರ ಹತ್ರ ಮಾತಾಡೋ ರೀತೀನಾ ಇದು?" ಅಂತ ಇಡೀ ಮೈದಾನಕ್ಕೆ ಕೇಳುವಂತೆ ಕಿರುಚಿದೆ.

ಸಾಮಿ ಅಣ್ಣ ಆಗಲೇ ಗೋಡೆಯಿಂದ ಇಳಿದಿದ್ದರು. "ನಿಲ್ಸಮ್ಮಾ ಅವಳನ್ನ! ನಿಲ್ಸು!"

"ಬೈದ್ಲು ಅಂತ ನಿಲ್ಸಕ್ಕಾಗುತ್ತಾ ಅಣ್ಣ? ಇನ್ನೆರಡೇ ಸುತ್ತು. ಮಿಷಿನ್ನಲ್ಲಿ ಎಲ್ಲಾ ಸರಿಯಾಗೇ ಇದೆ."

"ಮಿಷಿನ್ ಕೇಳಿದ್ನಾ ನಾನು? ಆ ಪುಳ್ಳೇನ ನೋಡಮ್ಮಾ!"

ಅರ್ಧ ಸುತ್ತು ಕೂಡ ಆಗಲಿಲ್ಲ. ಮಂಜುಳ ಎಡಕ್ಕೆ ವಾಲಿದಳು. ಓಟದ ಗೆರೆ ಬಿಟ್ಟು ಮೈದಾನದ ಮಧ್ಯಕ್ಕೆ ಓಡಿದಳು, ಅಲ್ಲಿ ಯಾರೋ ಕರೆದ ಹಾಗೆ. ಆಮೇಲೆ ಕುಸಿದಳು.

ನಾನು ನಿಂತಲ್ಲೇ ಕಂಬ. ಆ ಮುದುಕರೇ ಓಡಿದರು. ಹುಡುಗಿಯರನ್ನು ಕೂಗಿ ನೆರಳಿಗೆ ಹೊರಿಸಿದರು, ಶೂ ಬಿಚ್ಚಿಸಿದರು, ಕೊಡದಲ್ಲಿದ್ದ ನೀರನ್ನು ಕುತ್ತಿಗೆಗೆ, ಕಂಕುಳಿಗೆ, ತೊಡೆಗೆ ಸುರಿಸಿದರು. ತಮ್ಮ ಟವಲ್ ನೆನೆಸಿ ಬೀಸುತ್ತಲೇ ಇದ್ದರು. "ಕಣ್ಣು ಬಿಡು ಕಣ್ಣೇ, ತಾತ ಇದೀನಿ." ನಾನು ಅಳುತ್ತಾ ಆಟೋ ತಂದೆ.

ಸಂಜೆಯ ಹೊತ್ತಿಗೆ ಹುಡುಗಿ ಹುಷಾರಾದಳು, ದೇವರು ದೊಡ್ಡವನು. "ತಕ್ಷಣ ತಣ್ಣಗೆ ಮಾಡಿದ್ದಕ್ಕೆ ಬಚಾವು" ಅಂದರು ಡಾಕ್ಟರು. ಮಂಜುಳನ ಸಣಕಲು ಮಣಿಕಟ್ಟಿಗೆ ಆ ವಾಚಿನ ಪಟ್ಟಿ ಕೊನೇ ತೂತಿಗೆ ಹಾಕಿದರೂ ಸಡಿಲವಿತ್ತು ಅನ್ನುವುದನ್ನು ಬಿಚ್ಚುವಾಗ ನೋಡಿದೆ; ಮೊಬೈಲಿನ ಗೆರೆ ಅದಕ್ಕೇ ಸುಳ್ಳು ಹೇಳಿತ್ತು. ಸಡಿಲ ಇರದಿದ್ದರೂ ನಾನು ನಿಲ್ಲಿಸುತ್ತಿದ್ದೆನಾ? ಗೊತ್ತಿಲ್ಲ. ನನಗೆ ಗ್ರಾಫ್ ಬೇಕಾಗಿತ್ತು.

"ತಾತನ್ನ ಬೈದ್ನಂತೆ? ನಂಗೇನೂ ಗ್ಯಾಪ್ಕಾನೇ ಇಲ್ಲ ಮೇಡಂ" ಅಂತ ಹುಡುಗಿ ಮುಖ ಮುಚ್ಚಿಕೊಂಡಳು. ಬೂದಿಕೋಟೆ ಬಸ್ಸಿಳಿದು ಬಂದ ಅವಳ ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. "ಊಟ ಮಾಡಿದ್ರಾ ಮೇಡಂ?" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಯಿತು ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಸಾಮಿ ಅಣ್ಣನನ್ನು ಕೇಳಿದೆ. ಅವರು ಸಲೀಸಾಗಿ ಹೇಳಿದರು.

"ಕೆಳಗೆ ತುಂಬಾ ಸೆಕೆ ಅಮ್ಮಾ. ಇಬ್ಬಿಬ್ರೇ ಜೋಡಿ ಕೆಲ್ಸ. ಲೈಟ್ ಎಷ್ಟಿರತ್ತೆ, ಮುಖ ಕಾಣಲ್ಲ. ಆವಾಗಾವಾಗ ಕೇಳ್ಬೇಕು, ಮನೇಲಿ ಎನ್ನ ಕೊಳಂಬು, ಏನ್ ಸಾರು ಅಂತ. ಚೆನ್ನಾಗಿರೋನು ಸಾರಿನ ಕಥೆ ಎಲ್ಲಾ ಏಳ್ತಾನೆ. ಸೆಕೆ ತಲೆಗೇರಿದೋನು ಒಂದೇ ಮಾತು. ಆಮೇಲೆ ಕೋಪ. ಕೋಪ ಬಂತಾ, ಬಿಡಂಗಿಲ್ಲ, ಎಳ್ಕೊಂಡೋಗಿ ಗಾಳಿ ಬರೋ ಕಡೆ ಕೂರ್ಸಿ ನೀರು."

"ಮತ್ತೆ ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಓದ್ದೋರು, ಗೊತ್ತಿರತ್ತೆ ಅನ್ಕೊಂಡೆ. ಮಸ್ಸೊಪ್ಪು ತಂದ್ಕೊಟ್ರಲ್ಲ, ಆವಾಗ್ಲೇ ಡೌಟ್ ಬಂತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ.

ಮುಂದಿನ ಹದಿನೈದು ದಿನ ರೈಲಿನಲ್ಲಿ ಹೋಗುತ್ತಾ ಬರುತ್ತಾ ಒಂದೇ ಗುಂಗು. ಕಣ್ಣು ಮುಚ್ಚಿದರೆ ಸಾಕು, ಆ ಕೆಳಗಿನ ಊರಿನ ಕತ್ತಲಲ್ಲಿ ದನಿಗಳು ಕೇಳುತ್ತಿದ್ದವು. ಮುಖವೇ ಕಾಣದ ಜನ ಒಬ್ಬರನ್ನೊಬ್ಬರು ಸಾರು ಕೇಳುತ್ತಾ, ಹುಣಸೆಹಣ್ಣು, ಬದನೆಕಾಯಿ, ಒಣಮೀನು ಅಂತ ಉತ್ತರಿಸುತ್ತಾ, ಅಡುಗೆಮನೆಯ ಮಾತಿನಲ್ಲೇ ಒಬ್ಬರ ಜೀವವನ್ನು ಇನ್ನೊಬ್ಬರು ಹಿಡಿದುಕೊಂಡು ಇದ್ದ ಹಾಗೆ. ಎಂಥಾ ಪ್ರಯೋಗಾಲಯ ಅದು! ಬಿಳಿ ಕೋಟಿಲ್ಲ, ಕಾಗದವಿಲ್ಲ. ಎಷ್ಟೋ ಸಲ ಮಾರಿಕುಪ್ಪಂ ತಲುಪಿ ಎಚ್ಚರವಾಯಿತು.

ಮತ್ತೆ ಅದೇ ರೂಮು, ಅದೇ ಐದು ಜನ. ಗ್ರಾಫ್ ತೋರಿಸಿದೆ. "ಈ ಗೆರೆಯ ಪ್ರಕಾರ ಎಲ್ಲಾ ಸರಿಯಿತ್ತು ಸಾರ್, ಹುಡುಗಿ ಬಿದ್ದಳು. ತಪ್ಪು ನನ್ನದು" ಅಂತಲೇ ಶುರು ಮಾಡಿದೆ. ಮುಚ್ಚಿಟ್ಟು ಗೆಲ್ಲಲು ಮನಸ್ಸು ಬರಲಿಲ್ಲ. ಗಣಿಯೊಳಗಿನ ಸಾರಿನ ಪ್ರಶ್ನೆಯನ್ನೂ ಹೇಳಿದೆ.

"ಶರೀರಶಾಸ್ತ್ರಕ್ಕೆ ಅವಳ ಹೃದಯ ಬೇಕು. ಭೌತಶಾಸ್ತ್ರಕ್ಕೆ ಮೊಣಕಾಲು ಬೇಕು. ಮನಶ್ಶಾಸ್ತ್ರಕ್ಕೆ ಮನಸ್ಸು. ಹತ್ತನೇ ಸುತ್ತಿನಲ್ಲಿ ತಾತನಿಗೆ ಬೈದಳಲ್ಲ, ಆ ಬೈಗುಳ ಯಾರ ಸಬ್ಜೆಕ್ಟು ಸಾರ್? ಅದು ರಕ್ತದ್ದೋ, ಬಿಸಿಲಿನದ್ದೋ, ನಾಲಿಗೆಯದ್ದೋ? ಬಿಡಿಸೋಕೆ ಆಗಲ್ಲ. ಬಿಡಿಸಿದ ತಕ್ಷಣ ಅದು ಬರೀ ಕೆಟ್ಟ ಮಾತು. ನಾನು ಹಾಗೇ ಕೇಳಿಸಿಕೊಂಡೆ. ಇಡೀ ಮನುಷ್ಯ, ಓಡ್ತಾ ಇರೋವಾಗ, ಓಡ್ತಾ ಇರೋದ್ರಿಂದಲೇ ಏನಾಗ್ತಾನೆ? ಈ ಪ್ರಶ್ನೆಯನ್ನ ಬೇರೆ ಯಾರೂ ಕೇಳಲ್ಲ. ಉಪಕರಣ ಎಲ್ಲಾ ತಂದದ್ದೇ, ಒಪ್ಪಿಕೊಳ್ತೀನಿ. ಪ್ರಶ್ನೆ ನಮ್ಮದು."

ಅಧ್ಯಕ್ಷರು ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಬರೀರಿ ಮೇಡಂ" ಅಂದರು. "ಇದನ್ನೇ ಮೊದಲ ಅಧ್ಯಾಯ ಮಾಡಿ."

ಪಾಸು! ಕುಣಿಯುವುದೊಂದು ಬಾಕಿ.

"ಒಂದೇ ಒಂದು ತಿದ್ದುಪಡಿ" ಅಂದರು ಅವರೇ. "ಓಡುವಾಗ ಮಾತಾಡಿಸಿ ನೋಡೋ ಪರೀಕ್ಷೆ ಪಠ್ಯಪುಸ್ತಕಗಳಲ್ಲಿ ಇದೆ, ಅದನ್ನ ಆಧಾರವಾಗಿ ಕೊಡಿ. ಆ ಗಣಿ ಕೆಲಸಗಾರರನ್ನ ತೆಗೆದುಬಿಡಿ. ಅವರದ್ದು ಎಲ್ಲೂ ಪ್ರಕಟ ಆಗಿಲ್ಲವಲ್ಲ."

ತಲೆಯಾಡಿಸಿ ಬಂದೆ. ಸುಳ್ಳೇಕೆ, ಆ ಕ್ಷಣದಲ್ಲಿ ಬೇಸರವೂ ಆಗಲಿಲ್ಲ. ಪಾಸಾದ ಖುಷಿ ಅಷ್ಟಿತ್ತು.

ಮಾರನೇ ಮಧ್ಯಾಹ್ನ ಒಂದು ಕಿಲೋ ಮೈಸೂರ್‌ಪಾಕ್ ಹಿಡಿದು ಚಾಂಪಿಯನ್ ರೀಫ್ಸ್‌ನ ಗಣಿ ಕಾಲದ ಲೈನ್ ಮನೆಗೆ ಹೋದೆ. ಸಾಮಿ ಅಣ್ಣ ಬಾಗಿಲ ಬಳಿ ಚಾಪೆ ಹಾಕಿ ಕೂತಿದ್ದರು. ವಿಷಯ ಹೇಳಿದೆ. ಕೈ ತಟ್ಟಿ ನಕ್ಕರು. ಅವರ ಹೆಸರು ಪುಸ್ತಕದಲ್ಲಿ ಬರುವುದಿಲ್ಲ ಅನ್ನುವುದನ್ನೂ ಹೇಳಿದೆ, ತಲೆ ತಗ್ಗಿಸಿಕೊಂಡು.

"ಸರಿ ವಿಡಮ್ಮಾ. ನನ್ ಎಸ್ರು ಯಾಕೆ? ಅದು ನಂದೇ ಅಲ್ಲ."

"ಮತ್ತೆ?"

ಮೈಸೂರ್‌ಪಾಕ್ ಮುರಿದರು. ತಿನ್ನಲಿಲ್ಲ.

"ಮುನಿಯಪ್ಪಂದು. ನನ್ ಜೋಡಿ, ಬಂಗಾರಪೇಟೆ ಕಡೆ ಹಳ್ಳಿಯೋನು. ಊಟದ ಪೈತ್ಯ ಅವ್ನಿಗೆ. ಕೇಳ್ಲಿ ಬಿಡ್ಲಿ, ಎಂಡ್ತಿ ಮಾಡಿದ್ ಸಾರು ಎಂಗಿತ್ತು ಅಂತ ಶಿಫ್ಟ್ ಪೂರಾ ಏಳೋನು. ಒಂದಿನ ಸುಮ್ನಿದ್ದ. ಏನ್ಲಾ ಸಾರು ಅಂದೆ. ನಿನ್ ಕೆಲ್ಸ ನೋಡು ಓಗು ಅಂದ. ನಂಗೆ ರೋಷ ಬಂತು. ಅದ್ಕ್ ಮುಂಚಿನ್ ದಿನ ಫುಟ್‌ಬಾಲ್ ಮ್ಯಾಚಲ್ಲಿ ಜಗಳ ಆಡಿದ್ವಿ, ಅದ್ಕೇ ಅನ್ಕೊಂಡೆ. ನಾನೂ ಮಾತು ಬಿಟ್ಟು, ಆ ಕಡೆ ತಿರುಕ್ಕೊಂಡ್ ಕೆಲ್ಸ ಮಾಡ್ದೆ. ಆಮೇಲೆ ತಿರುಗಿ ನೋಡಿದ್ರೆ ಮಲಗವ್ನೆ. ಮೇಲೆ ತರೋಷ್ಟ್ರಲ್ಲೇ ಓಗ್ಬಿಟ್ಟ."

ಒಳಗೆ ಯಾರದೋ ಮಗು ಆಡುತ್ತಿತ್ತು. ಬೀದಿಯಲ್ಲಿ ಬಿಸಿಲು ಬಿಳಿಯಾಗಿ ನಿಂತಿತ್ತು.

"ಅವತ್ತಿಂದ ನಮ್ ಗ್ಯಾಂಗಲ್ಲಿ ರೂಲ್ಸ್ ಮಾಡ್ಕೊಂಡ್ವಿ, ಸಾರು ಕೇಳ್ಲೇಬೇಕು ಅಂತ. ಮೇಸ್ತ್ರಿ ಏಳಿದ್ದಲ್ಲ, ಡಾಕ್ಟ್ರು ಏಳಿದ್ದಲ್ಲ. ಆಮೇಲೆ ಎಷ್ಟು ಜನ ಉಳ್ಕೊಂಡ್ರೋ. ಆ ಪುಳ್ಳೆ ಮಂಜುಳನೂ ಉಳ್ಕೊಂಡ್ಳು ನೋಡು."

ನಾನು ಬೈಗುಳ ಅಂದುಕೊಂಡೆ. ಅವರು ಜಗಳ ಅಂದುಕೊಂಡಿದ್ದರು. ನನ್ನ ತಪ್ಪಿಗೆ ಒಂದು ಕೊಡ ನೀರು ಸಾಕಾಯಿತು. ಅವರ ತಪ್ಪಿಗೆ ಸಾಕಾಗಿರಲಿಲ್ಲ. ಒಂದು ಶಾಸ್ತ್ರ ಹುಟ್ಟುವುದು ಎಲ್ಲಿ ಅಂತ ನಾನು ಮೂರು ತಿಂಗಳು ಲೈಬ್ರರಿಯಲ್ಲಿ ಹುಡುಕಿದ್ದೆ. ಬರುವಾಗ ರೈಲಿನಲ್ಲಿ ಕನಸು ಹತ್ತಲೇ ಇಲ್ಲ, ಸರಿಯಾಗಿ ಬಂಗಾರಪೇಟೆಯಲ್ಲೇ ಇಳಿದೆ.

ತಿದ್ದಿದ ಪ್ರತಿಯನ್ನು ಸೋಮವಾರ ಕೊಡಬೇಕು. ಆಧಾರಗಳ ಪಟ್ಟಿಗೆ ಕಮಿಟಿಯವರೇ ಒಂದು ನಮೂನೆ ಕೊಟ್ಟಿದ್ದಾರೆ: ಲೇಖಕರು, ಪುಸ್ತಕ, ಪ್ರಕಾಶಕರು, ವರ್ಷ.

ಮೊದಲ ಕಾಲಂನಲ್ಲಿ ಮುನಿಯಪ್ಪ ಅಂತ ಬರೆದಾಗಿದೆ. ಉಳಿದ ಮೂರು ಖಾಲಿ ಇವೆ ಅಂತ ಆ ಹೆಸರನ್ನು ಅಳಿಸಬೇಕೇ?